ತಾಳೆಯಾಗದ ಲೆಕ್ಕಕ್ಕೆ ಹೊಣೆ ಯಾರು?

ಲೆಕ್ಕ ಬರೆಯುವವರ ನಡುವೆ ‘ತಾಳೆ’ ಎಂಬುದು ತೂಕದ ಮಾತು. ಹಳೆಯ ಕಾಲದ ಮಂಡಿಗಳಲ್ಲಿ ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಅನಂತರ ಖಾತೆ ಪುಸ್ತಕಕ್ಕೆ ಇಳಿಸಿ, ತಿಂಗಳ ಕೊನೆಗೆ ಎರಡನ್ನೂ ಎದುರುಬದುರಾಗಿ ಇಟ್ಟು ನೋಡುತ್ತಿದ್ದರು. ಎಂಟಾಣೆ ವ್ಯತ್ಯಾಸ ಕಂಡರೂ ಗುಮಾಸ್ತನು ಒಂದೊಂದೇ ಕಲಮಿನ ಮುಂದೆ ಗೀಟು ಹಾಕುತ್ತ, ತಪ್ಪು ನುಸುಳಿದ ಸಾಲು ಸಿಗುವವರೆಗೆ ಕುಳಿತಲ್ಲಿಂದ ಏಳುವಂತಿರಲಿಲ್ಲ. ಆ ಹುಡುಕಾಟ ಬೇಸರದ್ದಾಗಿದ್ದರೂ ಅದರಲ್ಲೊಂದು ನ್ಯಾಯವಿತ್ತು. ಎರಡೂ ಪುಸ್ತಕಗಳು ಲೆಕ್ಕಕ್ಕೆ ಹೊಣೆಯಾದವನ ಕೈಗೆ ಎಟಕುವಂತೆಯೇ ಇರುತ್ತಿದ್ದವು.

ಈಗ ಹಾಗಿಲ್ಲ. ಬೆಂಗಳೂರಿನ ಚಿಕ್ಕಪೇಟೆಯ ಸಗಟು ವ್ಯಾಪಾರಿಯೊಬ್ಬ ಹುಬ್ಬಳ್ಳಿಯ ಅಂಗಡಿಗೆ ಒಂದು ಬೇಲು ಸೀರೆ ಕಳುಹಿಸಿದನೆನ್ನಿ. ಆ ಒಂದೇ ವ್ಯವಹಾರ ಅವನ ಬಿಲ್ ತಂತ್ರಾಂಶದಲ್ಲಿ, ದಾಸ್ತಾನಿನ ಲೆಕ್ಕದಲ್ಲಿ, ಸಾಗಣೆಯ ಇ-ವೇ ಬಿಲ್ಲಿನಲ್ಲಿ, ಎರಡು ಬ್ಯಾಂಕುಗಳ ಗಣಕಗಳಲ್ಲಿ, ಜಿಎಸ್‌ಟಿ ಜಾಲತಾಣದಲ್ಲಿ, ಕೊನೆಗೆ ಹುಬ್ಬಳ್ಳಿಯವನ ಖರೀದಿ ಪುಸ್ತಕದಲ್ಲಿ ದಾಖಲಾಗಬೇಕು. ಈ ವ್ಯವಸ್ಥೆಗಳನ್ನು ಕಟ್ಟಿದವರು ಬೇರೆ ಬೇರೆ ಸಂಸ್ಥೆಗಳವರು. ಕಟ್ಟಿದ ಕಾಲ ಬೇರೆ, ಉದ್ದೇಶ ಬೇರೆ. ಇವುಗಳನ್ನು ಹೊರಗಿನಿಂದ ಬೆಸೆದು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತಾನಾಗಿಯೇ ಮೂಡುವಂತೆ ಮಾಡಲಾಗಿದೆ. ಬಹುತೇಕ ಸಲ ಅದು ಮೂಡುತ್ತದೆ. ಮೂಡದಿದ್ದಾಗ ಏನಾಗುತ್ತದೆ, ಆಗ ಯಾರನ್ನು ಹೊಣೆ ಮಾಡುತ್ತೇವೆ ಎಂಬುದೇ ಇಲ್ಲಿನ ಪ್ರಶ್ನೆ. ಇದನ್ನು ತಂತ್ರಜ್ಞರಿಗೆ ಬಿಟ್ಟ ವಿಷಯವೆಂದು ಸಮಾಜ ಕೈತೊಳೆದುಕೊಂಡರೆ ಎಂಥ ಅನಾಹುತವಾಗಬಹುದೆಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆ ನಮ್ಮೆದುರಿಗೆ ಒಂದು ಘೋರ ನಿದರ್ಶನವನ್ನು ಇರಿಸಿದೆ.

ವ್ಯತ್ಯಾಸ ಹುಟ್ಟುವ ಬಗೆ

ಎರಡು ಗಣಕ ವ್ಯವಸ್ಥೆಗಳು ಪರಸ್ಪರ ಪತ್ರ ಬರೆದುಕೊಳ್ಳುವ ಇಬ್ಬರು ಗುಮಾಸ್ತರಿದ್ದಂತೆ. ‘ಎಂಟು ಸಾವಿರ ಕಳುಹಿಸಿದ್ದೇನೆ, ಬರೆದುಕೋ’ ಎಂದು ಒಂದು ಹೇಳುತ್ತದೆ. ‘ಬರೆದುಕೊಂಡೆ’ ಎಂದು ಇನ್ನೊಂದು ಮರುನುಡಿಯಬೇಕು. ಮರುನುಡಿ ಬಾರದಿದ್ದರೆ ಮೊದಲಿನದಕ್ಕೆ ಸಂದಿಗ್ಧ ಎದುರಾಗುತ್ತದೆ. ಕಳುಹಿಸಿದ ಪತ್ರವೇ ದಾರಿಯಲ್ಲಿ ಕಳೆಯಿತೋ, ಪತ್ರ ತಲುಪಿ ಉತ್ತರ ಮಾತ್ರ ಕಳೆಯಿತೋ ತಿಳಿಯುವ ಉಪಾಯ ಅದಕ್ಕಿಲ್ಲ. ಸುಮ್ಮನಿದ್ದರೆ ವ್ಯವಹಾರವೇ ಬಿಟ್ಟುಹೋಗಬಹುದು. ಮತ್ತೊಮ್ಮೆ ಕಳುಹಿಸಿದರೆ ಎರಡು ಸಲ ದಾಖಲಾಗಬಹುದು. ಪ್ರತಿ ಪತ್ರಕ್ಕೂ ಮತ್ತೆ ಬಳಸದ ಒಂದು ಕ್ರಮಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ದಾಖಲಿಸಬಾರದೆಂದು ಕಟ್ಟುಮಾಡುವುದು ಇದಕ್ಕೆ ಪರಿಹಾರ. ಈ ಪರಿಹಾರ ಎಂಜಿನಿಯರುಗಳಿಗೆ ಬಹುಕಾಲದಿಂದ ಗೊತ್ತು. ಆದರೂ ಎರಡು ತಂತ್ರಾಂಶಗಳನ್ನು ಆತುರದಲ್ಲಿ ಬೆಸೆಯುವಾಗ ಮೊದಲು ಬಿಟ್ಟುಹೋಗುವುದೂ ಇದೇ.

ಇನ್ನು ಕೆಲವು ಕಾರಣಗಳಿವೆ. ಬಿಲ್ಲು ತಲುಪುವ ಮೊದಲೇ ಅದನ್ನು ರದ್ದುಪಡಿಸುವ ಸಂದೇಶ ತಲುಪಿದರೆ, ಇಲ್ಲದ ಬಿಲ್ಲನ್ನು ರದ್ದುಪಡಿಸಲಾಗದೆ ಗಣಕ ಆ ಸಂದೇಶವನ್ನು ಪಕ್ಕಕ್ಕಿಡುತ್ತದೆ. ಆಮೇಲೆ ಬಂದ ಬಿಲ್ಲು ಹಾಗೆಯೇ ಉಳಿದುಬಿಡುತ್ತದೆ. ಒಂದು ತಂತ್ರಾಂಶ ಪ್ರತಿ ಸಾಲಿನ ತೆರಿಗೆಯನ್ನು ಪೈಸೆಗೆ ದುಂಡಾಗಿಸಿ ಕೂಡಿದರೆ, ಇನ್ನೊಂದು ಮೊದಲು ಕೂಡಿ ಅನಂತರ ದುಂಡಾಗಿಸುತ್ತದೆ. ಎರಡರ ಮೊತ್ತ ಒಂದೇ ಆಗದೆ ಹೋಗಬಹುದು. ಮಾರ್ಚ್ 31ರ ರಾತ್ರಿ ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಆದ ಮಾರಾಟ ಒಂದು ಕಡೆ ಹಿಂದಿನ ವರ್ಷಕ್ಕೂ ಮತ್ತೊಂದು ಕಡೆ ಹೊಸ ವರ್ಷಕ್ಕೂ ಸೇರಬಹುದು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಸದ್ದಿಲ್ಲದ ತಿರಸ್ಕಾರ. ದಿನಾಂಕದ ನಮೂನೆ ಹೊಂದಲಿಲ್ಲವೆಂದೋ, ಸಂಕೇತ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆ ಇದೆಯೆಂದೋ ಸ್ವೀಕರಿಸುವ ಗಣಕ ದಾಖಲೆಯನ್ನು ನಿರಾಕರಿಸಿ, ಯಾರೂ ತೆರೆದು ನೋಡದ ಪಟ್ಟಿಯೊಂದಕ್ಕೆ ಸೇರಿಸಿ ಸುಮ್ಮನಾಗುತ್ತದೆ. ಕಳುಹಿಸಿದವನ ಪರದೆಯ ಮೇಲೆ ಮಾತ್ರ ಕೆಲಸ ಮುಗಿದಿದೆ ಎಂದೇ ಕಾಣುತ್ತಿರುತ್ತದೆ.

ಈ ಯಾವ ಕಾರಣದಲ್ಲೂ ಮನುಷ್ಯನ ದುರುದ್ದೇಶವಿಲ್ಲ ಎಂಬುದನ್ನು ಗಮನಿಸಬೇಕು. ಆದರೆ ಫಲಿತಾಂಶ ಮಾತ್ರ ಕಳ್ಳತನದಂತೆಯೇ ಕಾಣುತ್ತದೆ. ಪುಸ್ತಕದಲ್ಲಿ ಹಣವಿದೆ, ಪೆಟ್ಟಿಗೆಯಲ್ಲಿ ಇಲ್ಲ.

ಬ್ರಿಟನ್ನಿನ ಪಾಠ

ಬ್ರಿಟನ್ನಿನಲ್ಲಿ ಬಹುಪಾಲು ಅಂಚೆ ಶಾಖೆಗಳನ್ನು ನಡೆಸುವವರು ಸಂಬಳದ ನೌಕರರಲ್ಲ. ತಮ್ಮ ಸಣ್ಣ ಅಂಗಡಿಯ ಒಂದು ಬದಿಯಲ್ಲಿ ಗುತ್ತಿಗೆಯ ಮೇಲೆ ಅಂಚೆ ಕೌಂಟರ್ ಇಟ್ಟುಕೊಂಡ ವ್ಯಾಪಾರಿಗಳು ಅವರು. ಅವರನ್ನು ಸಬ್‌ಪೋಸ್ಟ್‌ಮಾಸ್ಟರ್ ಎನ್ನುತ್ತಾರೆ. ಭಾರತೀಯ ಮೂಲದ ಕುಟುಂಬಗಳೂ ಇವರಲ್ಲಿದ್ದವು. 1999ರಿಂದ ಈ ಶಾಖೆಗಳಿಗೆಲ್ಲ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆ ಬಂದಿತು. ಜಪಾನಿನ ಫುಜಿತ್ಸು ಒಡೆತನದ ಐಸಿಎಲ್ ಕಂಪನಿ ಅದನ್ನು ಕಟ್ಟಿತ್ತು. ಅದರ ಮೊದಲ ರೂಪದಲ್ಲಿ ಪ್ರತಿ ಕೌಂಟರಿನ ಗಣಕವೂ ದಾಖಲೆಯ ಒಂದು ಪ್ರತಿಯನ್ನು ಇಟ್ಟುಕೊಂಡು, ಪಕ್ಕದ ಕೌಂಟರುಗಳೊಂದಿಗೂ ಕೇಂದ್ರದ ಗಣಕಗಳೊಂದಿಗೂ ಸಂದೇಶ ವಿನಿಮಯ ಮಾಡಿಕೊಂಡು ಎಲ್ಲ ಪ್ರತಿಗಳನ್ನೂ ಒಂದಾಗಿಸಬೇಕಿತ್ತು. 2010ರಲ್ಲಿ ಬಂದ ಎರಡನೆಯ ರೂಪದಲ್ಲಿ ದಾಖಲೆ ಕೇಂದ್ರದಲ್ಲೇ ಉಳಿಯತೊಡಗಿತು.

ಸ್ಕಾಟ್ಲೆಂಡಿನ ಫಾಲ್‌ಕರ್ಕ್ ಪಟ್ಟಣದ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯ ಹೆಸರಿನಿಂದ ಗುರುತಾದ ದೋಷ ಈ ಸಂದೇಶ ವಿನಿಮಯದ್ದೇ. ಶಾಖೆಯೊಳಗೆ ಒಂದು ಲೆಕ್ಕದಿಂದ ಇನ್ನೊಂದಕ್ಕೆ ವರ್ಗಾಯಿಸಿದ ಹಣವನ್ನು ಒಂದು ಕೌಂಟರ್ ಸ್ವೀಕರಿಸಿದ ಸುದ್ದಿ ಮತ್ತೊಂದಕ್ಕೆ ತಲುಪದೆ, ಅದೇ ಹಣ ಅಲ್ಲಿಯೂ ಸ್ವೀಕೃತವಾಗುತ್ತಿತ್ತು. ಪುಸ್ತಕದಲ್ಲಿ ಹಣ ಇಮ್ಮಡಿಯಾಗುತ್ತಿತ್ತು. ನಗದು ಪೆಟ್ಟಿಗೆಯಲ್ಲಿ ಅಷ್ಟು ಹಣ ಇರುವುದು ಸಾಧ್ಯವಿರಲಿಲ್ಲ. ವರ್ಷಗಳ ಕಾಲ ಅಲ್ಲಲ್ಲಿ ತಲೆದೋರಿದ ಈ ದೋಷಕ್ಕೆ ಪರಿಹಾರ ಸಿಕ್ಕಿದ್ದು 2006ರಲ್ಲಿ. ಡಾಲ್‌ಮೆಲ್ಲಿಂಗ್ಟನ್ ಎಂಬ ಇನ್ನೊಂದು ಊರಿನ ಪ್ರಕರಣ 2015ರದು. ಅಲ್ಲಿ 8,000 ಪೌಂಡ್ ನಗದನ್ನು ಸ್ವೀಕರಿಸಿದ ಬಳಿಕವೂ ಪರದೆ ಮುಚ್ಚಲಿಲ್ಲ. ಕೀಲಿಯನ್ನು ಮತ್ತೆ ಮತ್ತೆ ಒತ್ತಿದ್ದರಿಂದ ಅದೇ ಮೊತ್ತ ನಾಲ್ಕು ಸಲ ದಾಖಲಾಗಿ, 24,000 ಪೌಂಡುಗಳ ಕೊರತೆ ಕಾಣಿಸಿತು. ಹಿಂದಿನ ಐದು ವರ್ಷಗಳ ದಾಖಲೆ ಶೋಧಿಸಿದಾಗ ಇದೇ ಬಗೆಯ 112 ಘಟನೆಗಳು ಹೊರಬಂದವು.

ಮೂರನೆಯ ದೋಷ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 2010ರಲ್ಲಿ ಹೊಸ ರೂಪದ ಹೊರೈಜನ್ ಹರಡುತ್ತಿದ್ದಾಗ, ಕೆಲವು ಸಂದರ್ಭಗಳಲ್ಲಿ ಶಾಖೆಯ ಪರದೆಯ ಮೇಲೆ ವ್ಯತ್ಯಾಸ ಮಾಯವಾಗಿ ಲೆಕ್ಕ ಸರಿಹೊಂದಿದಂತೆ ಕಾಣುತ್ತಿತ್ತು. ಕೇಂದ್ರದ ಲೆಕ್ಕಪತ್ರ ವ್ಯವಸ್ಥೆಯಲ್ಲಿ ಮಾತ್ರ ಅದೇ ವ್ಯತ್ಯಾಸ ಉಳಿದಿರುತ್ತಿತ್ತು. ಇದು 62 ಶಾಖೆಗಳನ್ನು ತಟ್ಟಿತು. ಅಂಚೆ ಸಂಸ್ಥೆ ಮತ್ತು ಫುಜಿತ್ಸು ಸಿಬ್ಬಂದಿ ಸೇರಿ ನಡೆಸಿದ ಸಭೆಯ ಟಿಪ್ಪಣಿಯಲ್ಲಿ, ತಮ್ಮ ಲೆಕ್ಕವೂ ಶಾಖೆಯ ಲೆಕ್ಕವೂ ಹೊಂದದೆ ಹೋಗುತ್ತವೆ ಎಂದು ಸ್ಪಷ್ಟವಾಗಿ ದಾಖಲಾಗಿದೆ. ಅದರ ಜೊತೆಗೆ, ಸಂಗತಿ ಹೊರಬಿದ್ದರೆ ಶಾಖೆಗಳಿಗೆ ವ್ಯವಸ್ಥೆಯ ಮೇಲಿನ ವಿಶ್ವಾಸ ಕುಂದೀತು, ನಡೆಯುತ್ತಿರುವ ಮೊಕದ್ದಮೆಗಳಿಗೆ ತೊಡಕಾದೀತು ಎಂಬ ಆತಂಕವೂ ದಾಖಲಾಗಿದೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ರೆ ಪ್ರಾಂತ್ಯದ ವೆಸ್ಟ್ ಬೈಫ್ಲೀಟ್ ಶಾಖೆಯ ಸೀಮಾ ಮಿಶ್ರಾ ಎಂಬ ಭಾರತೀಯ ಮೂಲದ ಮಹಿಳೆ 74,000 ಪೌಂಡಿಗೂ ಹೆಚ್ಚು ಮೊತ್ತದ ಕಳ್ಳತನದ ಆರೋಪ ಹೊತ್ತು ಗಿಲ್‌ಫರ್ಡಿನ ನ್ಯಾಯಾಲಯದಲ್ಲಿ ನಿಂತಿದ್ದರು. ಗಣಕದ ತಪ್ಪಿರಬಹುದೆಂಬುದು ಅವರ ಪರ ವಾದವಾಗಿತ್ತು. ಆ ಸಭೆಯ ಟಿಪ್ಪಣಿ ಅವರ ವಕೀಲರ ಕೈಗೆ ಬರಲಿಲ್ಲ. ನವೆಂಬರ್ 11ರಂದು ಅವರಿಗೆ 15 ತಿಂಗಳ ಸೆರೆವಾಸ ವಿಧಿಸಲಾಯಿತು. ಆಗ ಅವರು ಗರ್ಭಿಣಿ. ಅಂದು ಅವರ ಮಗನ ಹತ್ತನೆಯ ಹುಟ್ಟುಹಬ್ಬ. ಅವರು ನಿರಪರಾಧಿ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2021ರ ಏಪ್ರಿಲಿನಲ್ಲಿ.

ಇದು ಒಬ್ಬರ ಕಥೆಯಲ್ಲ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಶಿಕ್ಷೆಗೊಳಗಾದರು. ಮೊಕದ್ದಮೆ ಹೂಡದೆ ಹೋದ ಸಾವಿರಾರು ಮಂದಿ ಕೈಯಿಂದ ಹಣ ತುಂಬಿ, ಸಾಲ ಮಾಡಿ, ಮನೆ ಮಾರಿ ಹಾಳಾದರು. ವೇಲ್ಸ್‌ನ ಲಾಂಡಡ್ನೊ ಬಳಿಯ ಶಾಖೆಯನ್ನು 2003ರಲ್ಲಿ ಕಳೆದುಕೊಂಡ ಅಲನ್ ಬೇಟ್ಸ್ ಇಂಥವರನ್ನೆಲ್ಲ ಒಟ್ಟುಗೂಡಿಸಿದರು. 555 ಮಂದಿ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ಫ್ರೇಸರ್ 2019ರ ಡಿಸೆಂಬರಿನಲ್ಲಿ, ಹಳೆಯ ಹೊರೈಜನ್ ನಂಬಲರ್ಹವಾಗಿರಲಿಲ್ಲ, ಶಾಖೆಗಳಲ್ಲಿ ಕಂಡ ಕೊರತೆಗೆ ಅದರ ದೋಷಗಳು ಕಾರಣವಾಗಬಲ್ಲವು ಎಂದು ತೀರ್ಪಿತ್ತರು. 2024ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತು ಶಾಸನ ಮಾಡಿ ಈ ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದುಪಡಿಸಿತು. 2025ರ ಜುಲೈನಲ್ಲಿ ಪ್ರಕಟವಾದ ಸರ್ ವಿನ್ ವಿಲಿಯಮ್ಸ್ ವಿಚಾರಣಾ ವರದಿಯ ಮೊದಲ ಸಂಪುಟ, ಈ ಹಗರಣದ ಕಾರಣದಿಂದ ಕನಿಷ್ಠ 13 ಮಂದಿ ಪ್ರಾಣ ಕಳೆದುಕೊಂಡಿರಬಹುದೆಂದು ಹೇಳಿತು.

ದೋಷಕ್ಕಿಂತ ದೊಡ್ಡದು ಧೋರಣೆ

ದೋಷವಿಲ್ಲದ ತಂತ್ರಾಂಶ ಲೋಕದಲ್ಲಿಲ್ಲ. ಹಾಗಿದ್ದಮೇಲೆ ಇಷ್ಟು ದೊಡ್ಡ ಅನ್ಯಾಯ ಹೇಗೆ ಸಾಧ್ಯವಾಯಿತು? ಉತ್ತರ ತಂತ್ರಾಂಶದ ಹೊರಗಿದೆ.

ಗುತ್ತಿಗೆಯ ಕರಾರಿನ ಪ್ರಕಾರ ಸಬ್‌ಪೋಸ್ಟ್‌ಮಾಸ್ಟರ್ ತನ್ನ ಅಲಕ್ಷ್ಯ ಅಥವಾ ತಪ್ಪಿನಿಂದಾದ ನಷ್ಟಕ್ಕೆ ಹೊಣೆ. ಆಚರಣೆಯಲ್ಲಿ ಪರದೆಯ ಮೇಲೆ ಕಂಡ ಪ್ರತಿಯೊಂದು ಕೊರತೆಯನ್ನೂ ಅವನ ತಪ್ಪೆಂದೇ ಎಣಿಸಲಾಯಿತು. ಲೆಕ್ಕದ ಅವಧಿ ಮುಗಿದಾಗ ಪರದೆಯ ಮೊತ್ತವನ್ನು ಒಪ್ಪಿಕೊಳ್ಳದೆ ಮುಂದಿನ ಅವಧಿಗೆ ಶಾಖೆ ತೆರೆಯುವಂತಿರಲಿಲ್ಲ. ಒಪ್ಪಿ ಸಹಿ ಹಾಕಿದರೆ ಸುಳ್ಳು ಲೆಕ್ಕ ಬರೆದ ಆರೋಪ. ಸಹಾಯವಾಣಿಗೆ ಕರೆ ಮಾಡಿದ ಅನೇಕರಿಗೆ, ಇಂಥ ತೊಂದರೆ ನಿಮಗೊಬ್ಬರಿಗೇ ಬಂದಿದೆ ಎಂಬ ಉತ್ತರ ಸಿಕ್ಕಿತು. ಬ್ರಿಡ್ಲಿಂಗ್ಟನ್ ಪಟ್ಟಣದ ಲೀ ಕ್ಯಾಸಲ್‌ಟನ್ 91 ಸಲ ಕರೆ ಮಾಡಿದ್ದರು. ಸುಮಾರು 25,000 ಪೌಂಡಿನ ವಿವಾದದಲ್ಲಿ ವಕೀಲರಿಲ್ಲದೆ ತಾವೇ ವಾದಿಸಿ ಸೋತ ಅವರ ಮೇಲೆ 2007ರಲ್ಲಿ 3,21,000 ಪೌಂಡ್ ಖರ್ಚು ಹೊರಿಸಲಾಯಿತು, ಅವರು ದಿವಾಳಿಯಾದರು.

ವ್ಯವಹಾರಗಳ ಸವಿವರ ದಾಖಲೆ ಫುಜಿತ್ಸು ಬಳಿ ಇತ್ತು. ಗೊತ್ತಿರುವ ದೋಷಗಳ ಪಟ್ಟಿಯೂ ಅದರ ಬಳಿಯೇ ಇತ್ತು. ಆರೋಪಿಯ ಬಳಿ ಇದ್ದದ್ದು ಒಂದು ಪರದೆ, ಒಂದಿಷ್ಟು ಮುದ್ರಿತ ಚೀಟಿ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಕಂಪನಿಯ ಸಿಬ್ಬಂದಿ ದೂರದಿಂದಲೇ ಶಾಖೆಯ ಲೆಕ್ಕದೊಳಗೆ ದಾಖಲೆ ಸೇರಿಸಬಲ್ಲವರಾಗಿದ್ದರು. ಆ ದಾಖಲೆ ಶಾಖೆಯಲ್ಲೇ ಹುಟ್ಟಿದಂತೆ ಕಾಣುವುದೂ ಸಾಧ್ಯವಿತ್ತು. ಅಂಚೆ ಸಂಸ್ಥೆ ಇದನ್ನು ವರ್ಷಗಟ್ಟಲೆ ಅಲ್ಲಗಳೆಯಿತು.

ಕಾನೂನೂ ಬಲವಿದ್ದವನ ಕಡೆಗೇ ವಾಲಿತು. 1984ರ ಬ್ರಿಟಿಷ್ ಕಾಯ್ದೆಯೊಂದರ 69ನೇ ಕಲಮಿನ ಪ್ರಕಾರ ಗಣಕದ ದಾಖಲೆಯನ್ನು ಸಾಕ್ಷ್ಯವಾಗಿ ಮುಂದಿಡುವವರು ಆ ಗಣಕ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. ಇದು ತೀರ ತೊಡಕಿನದೆಂದು 1999ರ ಶಾಸನದಿಂದ ಆ ಕಲಮನ್ನು ತೆಗೆದುಹಾಕಲಾಯಿತು. ಅಲ್ಲಿಂದ ಮುಂದೆ ಗಣಕ ಸರಿಯಾಗಿದೆಯೆಂದು ನ್ಯಾಯಾಲಯ ಊಹಿಸುತ್ತದೆ. ಇಲ್ಲವೆನ್ನುವವರು ಅದಕ್ಕೆ ಆಧಾರ ತೋರಿಸಬೇಕು. ಆಧಾರವೆಲ್ಲ ಎದುರಾಳಿಯ ಬೀಗದೊಳಗಿರುವಾಗ ತೋರಿಸುವುದಾದರೂ ಹೇಗೆ? ಹೊರೈಜನ್ ಹರಡಿದ್ದೂ ಈ ಕಲಮು ಮರೆಯಾದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಈ ಊಹೆಯನ್ನು ಮರುಪರಿಶೀಲಿಸಬೇಕೇ ಎಂದು ಬ್ರಿಟಿಷ್ ಸರ್ಕಾರ ಸಾರ್ವಜನಿಕ ಅಭಿಪ್ರಾಯ ಕೇಳಿದ್ದು 2025ರ ಜನವರಿಯಲ್ಲಿ, ಕಾಲು ಶತಮಾನದ ಬಳಿಕ.

ಹುಡುಕುವ ಕ್ರಮ

ಹಾಗಾದರೆ ಎರಡು ವ್ಯವಸ್ಥೆಗಳ ಲೆಕ್ಕ ತಾಳೆಯಾಗದಿದ್ದಾಗ ನಡೆದುಕೊಳ್ಳಬೇಕಾದ ಕ್ರಮ ಯಾವುದು? ಹಳೆಯ ಗುಮಾಸ್ತರ ವಿವೇಕವೂ ಇಂದಿನ ಎಂಜಿನಿಯರುಗಳ ಅನುಭವವೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ.

ಮೊದಲನೆಯದಾಗಿ, ಮೊತ್ತವನ್ನು ಸರಿಮಾಡುವ ಆತುರ ಕೂಡದು. ‘ಹೊಂದಾಣಿಕೆ’ ಎಂಬ ಹೆಸರಿನಲ್ಲಿ ಒಂದು ಕಲಮು ಬರೆದು ವ್ಯತ್ಯಾಸವನ್ನು ಅಳಿಸಿದರೆ ಅದರೊಂದಿಗೆ ಅದರ ಜಾಡೂ ಅಳಿಸಿಹೋಗುತ್ತದೆ. ಕಾರಣ ಉಳಿದಿರುವುದರಿಂದ ಮುಂದಿನ ತಿಂಗಳು ವ್ಯತ್ಯಾಸ ಮತ್ತೆ ಹುಟ್ಟುತ್ತದೆ. ಎರಡೂ ಕಡೆಯ ದಾಖಲೆಯನ್ನು ಇದ್ದಂತೆಯೇ ಪ್ರತಿ ಮಾಡಿಟ್ಟುಕೊಳ್ಳುವುದು ಮೊದಲ ಕೆಲಸ. ಎರಡನೆಯದು, ಲೆಕ್ಕ ಕೊನೆಯದಾಗಿ ತಾಳೆಯಾದ ದಿನವನ್ನೂ ತಪ್ಪಿದ ಮೊದಲ ದಿನವನ್ನೂ ಗುರುತಿಸುವುದು. ಆ ಎರಡು ದಿನಗಳ ನಡುವೆ ತಂತ್ರಾಂಶದ ಹೊಸ ಆವೃತ್ತಿ ಬಂದಿತೇ, ತೆರಿಗೆಯ ದರ ಬದಲಾಯಿತೇ, ಹೊಸ ಶಾಖೆ ಸೇರಿತೇ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಮೂರನೆಯದು, ಮೊತ್ತಕ್ಕಿಂತ ಮೊದಲು ಕಲಮುಗಳನ್ನು ಎಣಿಸುವುದು. ಎರಡೂ ಕಡೆ ಕಲಮುಗಳ ಸಂಖ್ಯೆ ಬೇರೆಯಾದರೆ ಯಾವುದೋ ಕಲಮು ಕಳೆದಿದೆ ಅಥವಾ ಇಮ್ಮಡಿಸಿದೆ. ಸಂಖ್ಯೆ ಒಂದೇ ಇದ್ದು ಮೊತ್ತ ಬೇರೆಯಾದರೆ ಬೆಲೆಯಲ್ಲೋ ತೆರಿಗೆಯಲ್ಲೋ ತಪ್ಪಿದೆ. ವ್ಯತ್ಯಾಸದ ಅಂಕಿಯೇ ಬಹಳಷ್ಟನ್ನು ಹೇಳುತ್ತದೆ. ವ್ಯತ್ಯಾಸದ ಅರ್ಧ ಮೊತ್ತದ ಕಲಮೊಂದು ಸಿಕ್ಕರೆ ಜಮೆಯಾಗಬೇಕಾದದ್ದು ಖರ್ಚಿಗೆ ಬಿದ್ದಿರಬಹುದು. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎರಡು ಅಂಕಿಗಳು ಸ್ಥಾನ ಬದಲಿಸಿರುವ ಸಂಶಯ ಹುಟ್ಟಬೇಕು; 540ನ್ನು 450 ಎಂದು ಬರೆದರೆ ವ್ಯತ್ಯಾಸ 90. ಡಾಲ್‌ಮೆಲ್ಲಿಂಗ್ಟನ್ನಿನ 24,000 ಪೌಂಡ್ ಕೊರತೆ, 8,000ದ ಸರಿಯಾಗಿ ಮೂರು ಪಟ್ಟು. ಆ ಅಂಕಿಯನ್ನು ಗಮನವಿಟ್ಟು ನೋಡಿದವರಿಗೆ ಪುನರಾವರ್ತನೆಯ ಸಂಶಯ ಒಡನೆಯೇ ಮೂಡಬೇಕಿತ್ತು.

ನಾಲ್ಕನೆಯದು, ತಿರಸ್ಕೃತವಾದ ಮತ್ತು ಮರಳಿ ಕಳುಹಿಸಿದ ಸಂದೇಶಗಳ ಪಟ್ಟಿಯನ್ನು ತೆರೆದು ಓದುವುದು. ಈ ಪಟ್ಟಿಯನ್ನು ದಿನವೂ ನೋಡುವ ಹೊಣೆ ಹೆಸರು ಹಿಡಿದು ಒಬ್ಬರಿಗೆ ವಹಿಸಿರದ ಸಂಸ್ಥೆಯಲ್ಲಿ ಲೆಕ್ಕ ತಾಳೆಯಾಗುತ್ತಿದ್ದರೆ ಅದು ಅದೃಷ್ಟ ಮಾತ್ರ. ಐದನೆಯದು, ಕಾರಣವನ್ನು ಸರಿಪಡಿಸಿದ ಬಳಿಕವೇ ಬಿಟ್ಟುಹೋದ ಕಲಮುಗಳನ್ನು ಅವುಗಳ ಮೂಲ ಕ್ರಮಸಂಖ್ಯೆಯೊಂದಿಗೆ ಮರಳಿ ಕಳುಹಿಸುವುದು. ಕೈಯಿಂದ ತಿದ್ದಲೇಬೇಕಾದರೆ ಯಾರು, ಯಾವಾಗ, ಏಕೆ ತಿದ್ದಿದರೆಂದು ಅಳಿಸಲಾಗದಂತೆ ಬರೆದಿಟ್ಟು, ಆ ಲೆಕ್ಕದ ಒಡೆಯನಿಗೆ ತಿಳಿಸುವುದು. ಕಡೆಯದಾಗಿ, ಇದೇ ತೊಂದರೆ ಬೇರೆ ಯಾರಿಗಾದರೂ ಬಂದಿದೆಯೇ ಎಂದು ಕೇಳುವುದು. ಒಂದು ಶಾಖೆಯ ವ್ಯತ್ಯಾಸ ಒಬ್ಬ ಮನುಷ್ಯನ ತಪ್ಪಿನಂತೆ ಕಾಣುತ್ತದೆ. ಅರುವತ್ತು ಶಾಖೆಗಳದ್ದನ್ನು ಒಟ್ಟಿಗಿಟ್ಟು ನೋಡಿದಾಗ ಯಂತ್ರದ ತಪ್ಪು ಕಣ್ಣಿಗೆ ಬೀಳುತ್ತದೆ. ಬ್ರಿಟನ್ನಿನಲ್ಲಿ ಎಲ್ಲ ಶಾಖೆಗಳ ದೂರನ್ನೂ ಕೇಳಿಸಿಕೊಳ್ಳುತ್ತಿದ್ದ ಸಹಾಯವಾಣಿಗೆ ಈ ಕೆಲಸ ಸುಲಭವಾಗಿತ್ತು. ಅದನ್ನು ಮಾಡುವ ಮನಸ್ಸು ಸಂಸ್ಥೆಗಿರಲಿಲ್ಲ.

ನಮ್ಮ ಅಂಗಳದಲ್ಲಿ

ಇದೆಲ್ಲ ದೂರದ ದೇಶದ ಮಾತೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಂದಿನಿಂದ ದೇಶದ ಪ್ರತಿಯೊಬ್ಬ ನೋಂದಾಯಿತ ವ್ಯಾಪಾರಿಯ ಲೆಕ್ಕವೂ ಇನ್ನೊಬ್ಬನ ಲೆಕ್ಕಕ್ಕೆ ಬೆಸೆದುಕೊಂಡಿದೆ. ಖರೀದಿದಾರ ತಾನು ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳಬೇಕಾದರೆ, ಮಾರಿದವನು ಆ ಬಿಲ್ಲನ್ನು ತನ್ನ ವಿವರಪಟ್ಟಿಯಲ್ಲಿ ತೋರಿಸಿರಬೇಕೆಂಬ ಷರತ್ತು 2022ರ ಜನವರಿ 1ರಿಂದ ಕಾಯ್ದೆಯಲ್ಲಿಯೇ ಸೇರಿದೆ. ಮಾರಿದವನ ತಂತ್ರಾಂಶದಲ್ಲಿ ಒಂದು ಅಂಕಿ ತಪ್ಪಿದರೆ ಕೊಂಡವನ ಹಕ್ಕು ತೂಗಾಡುತ್ತದೆ. 2023ರಲ್ಲಿ ಬಂದ 88ಡಿ ನಿಯಮದಂತೆ, ವ್ಯಾಪಾರಿ ಕಳೆದುಕೊಂಡ ತೆರಿಗೆ ಗಣಕ ತಯಾರಿಸಿದ ಪಟ್ಟಿಗಿಂತ ನಿಗದಿತ ಮಿತಿ ಮೀರಿ ಹೆಚ್ಚಿದ್ದರೆ ಗಣಕವೇ ಸೂಚನಾಪತ್ರ ಕಳುಹಿಸುತ್ತದೆ. ಏಳು ದಿನಗಳೊಳಗೆ ವಿವರಣೆ ಕೊಡಬೇಕು, ಇಲ್ಲವೇ ಹಣ ಕಟ್ಟಬೇಕು. ನಕಲಿ ಬಿಲ್ಲುಗಳ ಹಾವಳಿ ನಿಜವಾದದ್ದೇ. ಅದನ್ನು ತಡೆಯುವ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವ್ಯತ್ಯಾಸದ ಮೂಲ ಮತ್ತೊಬ್ಬನ ಗಣಕದಲ್ಲಿರುವಾಗ ಸಣ್ಣ ವ್ಯಾಪಾರಿ ಏಳು ದಿನಗಳಲ್ಲಿ ಅದನ್ನು ಎಲ್ಲಿಂದ ಅಗೆದು ತರಬೇಕು? ಜಿಎಸ್‌ಟಿಯ ಮೊದಲ ಎರಡು ವರ್ಷಗಳ ಇಂಥ ವ್ಯತ್ಯಾಸಗಳನ್ನು ದಾಖಲೆ ಪರಿಶೀಲಿಸಿ ಇತ್ಯರ್ಥಪಡಿಸುವ ಕ್ರಮವನ್ನು ಕೇಂದ್ರ ಮಂಡಳಿ 2022ರ ಡಿಸೆಂಬರಿನ ಸುತ್ತೋಲೆಯಲ್ಲಿ ಹೇಳಿತು. ತಾಳೆಯಾಗದ ಪಟ್ಟಿಯೊಂದೇ ಅಪರಾಧದ ಪುರಾವೆಯಾಗಲಾರದೆಂಬ ವಿವೇಕ ಅದರಲ್ಲಿದೆ. ಅದು ಕೆಲವು ವರ್ಷಗಳ ವಿನಾಯಿತಿಯಾಗಿ ಉಳಿಯದೆ ನಿತ್ಯದ ನಿಯಮವಾಗಬೇಕು.

ನಮ್ಮಲ್ಲಿ ಹೆಸರುಗಳ ತೊಡಕು ಬೇರೆ. ಕನ್ನಡದಲ್ಲಿ ಲಕ್ಷ್ಮಿ ಎಂಬುದು ಒಂದೇ ಹೆಸರು. ಇಂಗ್ಲಿಷಿನಲ್ಲಿ ಅದನ್ನು ‘ಎಕ್ಸ್’ ಅಕ್ಷರ ಬಳಸಿ ಬರೆಯುವವರಿದ್ದಾರೆ, ‘ಕೆ’ ‘ಎಸ್’ ‘ಎಚ್’ ಕೂಡಿಸಿ ಬರೆಯುವವರಿದ್ದಾರೆ. ತಂದೆಯ ಹೆಸರಿನ ಮೊದಲಕ್ಷರ ಒಂದು ಕಡೆ ಮುಂದೆ, ಮತ್ತೊಂದು ಕಡೆ ಹಿಂದೆ. ಪಹಣಿ ಕನ್ನಡದಲ್ಲಿ, ಬ್ಯಾಂಕಿನ ಪುಸ್ತಕ ಇಂಗ್ಲಿಷಿನಲ್ಲಿ, ಆಧಾರ್ ಎರಡರಲ್ಲೂ. ನಾಡಕಚೇರಿಯ ಸರದಿಯಲ್ಲಿ ನಿಂತ ರೈತನಿಗೆ ಇಬ್ಬರು ಲಕ್ಷ್ಮಿಯರೂ ತನ್ನ ಹೆಂಡತಿಯೇ. ಗಣಕಗಳಿಗೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು. ತಾನೊಬ್ಬಳೇ ಎಂದು ಸಾಬೀತುಪಡಿಸುವ ಅಲೆದಾಟ ಮಾತ್ರ ಅವಳ ಪಾಲಿಗೆ.

ಬೇರೊಂದು ದಾರಿ ಇದೆ ಎಂಬುದನ್ನು ನಮ್ಮ ರಿಸರ್ವ್ ಬ್ಯಾಂಕೇ ತೋರಿಸಿಕೊಟ್ಟಿದೆ. 2019ರ ಸೆಪ್ಟೆಂಬರ್ 20ರ ಅದರ ಸುತ್ತೋಲೆಯಂತೆ, ಎಟಿಎಂನಲ್ಲಿ ಖಾತೆಯಿಂದ ಹಣ ಕಡಿತವಾಗಿ ನೋಟು ಹೊರಬಾರದಿದ್ದರೆ ಬ್ಯಾಂಕು ಐದು ದಿನಗಳೊಳಗೆ ತಾನಾಗಿಯೇ ಹಣ ಮರಳಿಸಬೇಕು. ಯುಪಿಐ ಮೂಲಕ ಕಳುಹಿಸಿದ ಹಣ ಒಬ್ಬರ ಖಾತೆಯಿಂದ ಹೋಗಿ ಇನ್ನೊಬ್ಬರಿಗೆ ಸೇರದಿದ್ದರೆ ಮರುದಿನದೊಳಗೆ ಸರಿಪಡಿಸಬೇಕು. ತಡವಾದ ಪ್ರತಿ ದಿನಕ್ಕೂ ಗ್ರಾಹಕನಿಗೆ 100 ರೂಪಾಯಿ ಪರಿಹಾರ. ಅದಕ್ಕೆ ಅವನು ದೂರು ಕೊಟ್ಟಿರಬೇಕೆಂದೂ ಇಲ್ಲ. ಇಲ್ಲಿಯೂ ಎರಡು ಗಣಕಗಳ ನಡುವಿನ ಸಂದೇಶ ಕಳೆದುಹೋದದ್ದೇ ತೊಂದರೆ. ಆದರೆ ಅದನ್ನು ಹುಡುಕುವ ಹೊಣೆ ದಾಖಲೆ ಯಾರ ಬಳಿ ಇದೆಯೋ ಅವರದು. ವಿಳಂಬಕ್ಕೆ ಬೆಲೆ ತೆರುವವರೂ ಅವರೇ. ನಿಯಮ ಎಲ್ಲ ಕಡೆ ಚಾಚೂತಪ್ಪದೆ ಪಾಲನೆಯಾಗುತ್ತಿದೆಯೆಂದು ಹೇಳಲಾಗದಿದ್ದರೂ, ಅದು ನಿಂತ ತತ್ತ್ವ ಸರಿಯಾದದ್ದು.

ಪ್ರಮಾಣಪತ್ರ ಸಾಲದು

ನಮ್ಮ ಸಾಕ್ಷ್ಯ ಕಾನೂನು ಬ್ರಿಟನ್ನಿನ ಹಾದಿಯಿಂದ ತುಸು ಬೇರೆಯದು. ಹಿಂದಿನ ಸಾಕ್ಷ್ಯ ಅಧಿನಿಯಮದ 65ಬಿ ಕಲಮು ಗಣಕದ ಮುದ್ರಿತ ಪ್ರತಿಯ ಜೊತೆಗೆ ಪ್ರಮಾಣಪತ್ರ ಕೇಳುತ್ತಿತ್ತು. ಅದು ಕಡ್ಡಾಯವೆಂಬುದನ್ನು ಸುಪ್ರೀಂ ಕೋರ್ಟು 2020ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಈ ಪ್ರಮಾಣಪತ್ರಕ್ಕೆ ತಜ್ಞರ ಸಹಿಯನ್ನೂ ಸೇರಿಸಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಇಂಥ ಪ್ರಮಾಣಪತ್ರ ಮುಖ್ಯವಾಗಿ ಹೇಳುವುದು, ಮುಂದಿಟ್ಟ ಪ್ರತಿ ಗಣಕದಲ್ಲಿರುವ ದಾಖಲೆಗೆ ಸರಿಯಾಗಿದೆ, ಗಣಕ ನಿಯತವಾಗಿ ನಡೆಯುತ್ತಿತ್ತು ಎಂಬುದನ್ನು. ನಾಲ್ಕು ಸಲ ದಾಖಲಾದ 8,000 ಪೌಂಡಿಗೂ ಇಂಥ ಪ್ರಮಾಣಪತ್ರ ಸಿಗುತ್ತಿತ್ತು. ತಪ್ಪು ದಾಖಲೆಯ ನಿಷ್ಠಾವಂತ ಪ್ರತಿಯೂ ತಪ್ಪೇ.

ಆದ್ದರಿಂದ ಸಾರ್ವಜನಿಕರ ಹಣ ಮತ್ತು ಮಾನಗಳನ್ನು ನಿರ್ಧರಿಸುವ ಬೆಸೆದ ವ್ಯವಸ್ಥೆಗಳಿಗೆ ನಾಲ್ಕು ಕಟ್ಟುಪಾಡುಗಳು ಅಗತ್ಯ. ಗಣಕದ ವ್ಯತ್ಯಾಸದ ಮೇಲೆ ಯಾರಿಂದ ಹಣ ಕೇಳಲಾಗುತ್ತದೆಯೋ ಅವರಿಗೆ ಆ ವ್ಯವಹಾರದ ಎರಡೂ ಕಡೆಯ ಸಂದೇಶ ದಾಖಲೆ ಪುಕ್ಕಟೆಯಾಗಿ ಸಿಗಬೇಕು. ವ್ಯವಸ್ಥೆ ನಡೆಸುವವರು ತಮಗೆ ಗೊತ್ತಿರುವ ದೋಷಗಳ ಪಟ್ಟಿಯನ್ನು ಬಳಕೆದಾರರಿಗೆ ತೆರೆದಿಡಬೇಕು. ವ್ಯತ್ಯಾಸ ಹುಟ್ಟಿದ ಕಲಮನ್ನು ತೋರಿಸುವವರೆಗೆ ವಸೂಲಿ ನಡೆಯಕೂಡದು. ಕಟ್ಟಕಡೆಗೆ, ವ್ಯವಸ್ಥೆಯ ಒಡೆಯನೇ ತನಿಖೆ ಮಾಡುವವನೂ ಮೊಕದ್ದಮೆ ಹೂಡುವವನೂ ಆಗಿರಬಾರದು. ಬ್ರಿಟನ್ನಿನಲ್ಲಿ ಸುಮಾರು 700 ಮಂದಿಯನ್ನು ನ್ಯಾಯಾಲಯಕ್ಕೆ ಎಳೆದದ್ದು ಪೊಲೀಸರಲ್ಲ, ಖುದ್ದು ಅಂಚೆ ಸಂಸ್ಥೆ.

ಇವುಗಳಿಗೆ ಖರ್ಚು ತಗಲುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ಖರ್ಚು ನಿಜವೇ. ಹುಡುಕುವ ಖರ್ಚನ್ನು ಉಳಿಸಿಕೊಂಡ ಸಂಸ್ಥೆ ಅದರ ಹತ್ತಾರು ಪಟ್ಟನ್ನು ಪರಿಹಾರವಾಗಿ ತೆರಬೇಕಾದದ್ದೂ ಅಷ್ಟೇ ನಿಜ. ಹಣ ಕಳೆದುಕೊಂಡವರಿಗೆ ತಡವಾಗಿಯಾದರೂ ಹಣ ಬರಬಹುದು, ಸೆರೆಮನೆ ಕಂಡವರ ಮೇಲಿನ ಕಳಂಕ ಶಾಸನದಿಂದ ಅಳಿಯಬಹುದು. ತಮ್ಮ ಲೆಕ್ಕ ಸರಿಯಿತ್ತೆಂಬ ಸುದ್ದಿ ಬರುವ ಮೊದಲೇ ಕಣ್ಣು ಮುಚ್ಚಿದವರಿಗೆ ಮಾತ್ರ ಯಾವ ತಿದ್ದುಪಡಿಯೂ ತಲುಪುವುದಿಲ್ಲ.